ತಂತಿ ತುಂಬಿದೆ

ಉಬ್ಬರದ ಪಟ್ಟಿ ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ.
ಇವತ್ತು ನೀರು ನಿಲ್ಲುವುದು ಮೂರು ನಲವತ್ತಕ್ಕೆ.
ಅಪ್ಪ ಇದ್ದಾಗ ಪಟ್ಟಿ ನೋಡುತ್ತಿರಲಿಲ್ಲ,
ಬಾಗಿಲು ತೆರೆದು, ಮೂಗೊಡ್ಡಿ, ಹೇಳುತ್ತಿದ್ದ:
"ನೀರು ನಿಲ್ತಾ ಇದೆ. ಚಹಾ ಕುಡಿ ಮೆರನ್, ಹೊರಡೋಣ."

ಆರ್ಕ್ನಿಯ ನಕಾಶೆಯಲ್ಲಿ ನೊಣ ಕೂತಷ್ಟು ನಮ್ಮ ದ್ವೀಪ.
ಎದುರಿನ ದ್ವೀಪಕ್ಕೂ ನಮಗೂ ನಡುವೆ
ಇರುವುದು ಸಮುದ್ರವಲ್ಲ, ಹೊಳೆ.
ಆರು ಗಂಟೆ ಅತ್ತ, ಆರು ಗಂಟೆ ಇತ್ತ,
ಎರಡು ಸಾಗರ ಒಂದೇ ಕಿರುಬಾಗಿಲಲ್ಲಿ
ಹೆಗಲಿಗೆ ಹೆಗಲು ಉಜ್ಜಿ ನುಗ್ಗುವ ಹೊಳೆ.
ಚಿಕ್ಕಪ್ಪ ಹಾಕನ್‌ನನ್ನು ಮೂರು ದಿನ ಇಟ್ಟುಕೊಂಡು
ನಾಲ್ಕನೆಯ ದಿನ, ಪಟ್ಟಿಯ ಸಮಯಕ್ಕೆ ಸರಿಯಾಗಿ,
ದಡಕ್ಕೆ ತಂದೊಪ್ಪಿಸಿತ್ತು.

ಅಲ್ಲಿಗೇ ಇಳಿಸಿದ್ದಾರೆ ಈಗ ಯಂತ್ರ.
ಹಳದಿ ಒಡಲು, ಕೆಳಗೆ ಇಳಿಬಿಟ್ಟ ಎರಡು ರೆಕ್ಕೆ,
ಗೂಟಕ್ಕೆ ಕಟ್ಟಿದ ದನದ ಹಾಗೆ
ನೀರಿನಲ್ಲಿ ನಿಂತು ನೀರನ್ನೇ ಮೇಯುತ್ತದೆ.

ರಾಜಧಾನಿಯಿಂದ ಒಬ್ಬ ಬಂದ, ಹೊಸ ಬೂಟಿನವನು,
ಸಭಾಗೃಹದಲ್ಲಿ ಪರದೆ ಬಿಟ್ಟು ತೋರಿಸಿದ:
ನೀಲಿ ಗಾಳಿ, ಹಸಿರು ಉಬ್ಬರ,
ದೇಶದ ಹಸಿವಿನಲ್ಲಿ ಇಷ್ಟಿಷ್ಟು ಪಾಲು, ಇಂತಿಷ್ಟು ವರ್ಷಕ್ಕೆ.
ಹಿಂದಿನ ಸಾಲಿನಲ್ಲಿ ಕೋಟು ಕಳಚದೆ ಕೂತ
ಜೆಸ್ಸಿಮಿನಾ ಡ್ರೀವರ್ ಕೇಳಿದಳು:
"ನನ್ನ ಹೀಟರು ಅದರಲ್ಲಿ ಯಾವ ಬಣ್ಣ, ಮಗು?"
ಎಲ್ಲರೂ ನಕ್ಕರು. ಅವನೂ.

ಗಾಳಿ, ನೆಂಟ. ಹೇಳದೆ ಬರುತ್ತದೆ,
ಬಂದರೆ ಚಾವಣಿಯ ಚಪ್ಪಡಿ, ಕೋಳಿಗೂಡು, ಒಣಹಾಕಿದ ಅಂಗಿ
ಯಾವುದನ್ನೂ ಕೇಳದೆ ಎತ್ತಿಕೊಳ್ಳುತ್ತದೆ;
ಬೇಕೆಂದ ವಾರ ಮುಖ ತೋರಿಸುವುದಿಲ್ಲ.
ಉಬ್ಬರವೋ, ವಸೂಲಿಗೆ ಬರುವ ಗುಮಾಸ್ತ.
ದಿನಕ್ಕೆ ಐವತ್ತು ನಿಮಿಷ ತಡ, ಅದೂ ಲೆಕ್ಕದ ತಡ.
ನನ್ನ ಮೊಮ್ಮಗಳ ಮೊಮ್ಮಗಳ ಮದುವೆಯ ದಿನ
ನೀರು ಎಷ್ಟು ಹೊತ್ತಿಗೆ ಏರುವುದೆಂದು
ಇವತ್ತೇ ಬರೆದುಕೊಡಬಹುದು.
ಮದುವೆಯಾಗುತ್ತಾಳೋ ಇಲ್ಲವೋ, ಅದು ಹೇಳಲಾಗದು.

ಜನವರಿಯ ಆ ರಾತ್ರಿ ಪಾಳಿ ನನ್ನದು.
ನೆಂಟನೂ ಗುಮಾಸ್ತನೂ ಒಟ್ಟಿಗೇ ಬಂದಿದ್ದರು.
ಗುಡ್ಡದ ಮೇಲೆ ಐದು ಗೋಪುರ, ಕೆಳಗೆ ಹುಣ್ಣಿಮೆಯ ನೀರು,
ಊರಿಗೆಲ್ಲ ಬಡಿಸಿ, ಮಿಕ್ಕು, ಉಕ್ಕಿ ಚೆಲ್ಲುವಷ್ಟು.
ಆಗ ಪರದೆಯ ಮೇಲೊಂದು ಸಾಲು:
ಗೋಪುರ ನಿಲ್ಲಿಸಿ. ತಂತಿ ತುಂಬಿದೆ.

ಕಡಲ ತಳದಲ್ಲಿ ಮಲಗಿದ ತಂತಿ, ನನ್ನ ತೋಳಿನ ದಪ್ಪ.
ಅಪ್ಪನ ಕಾಲದಲ್ಲಿ ದೇಶ ನಮಗೆ
ಬೆಳಕು ಕಳಿಸಲು ಹಾಸಿದ್ದು.
ನಾವು ತಿರುಗಿ ಕಳಿಸುತ್ತೇವೆಂದು
ಯಾರು ಎಣಿಸಿದ್ದರು?

ಗುಂಡಿ ಒತ್ತಿದೆ. ಒಂದೊಂದೇ ಗೋಪುರ
ಗಾಳಿಗೆ ರೆಕ್ಕೆಯ ಅಂಚು ತಿರುಗಿಸಿ ಸುಮ್ಮನಾಯಿತು,
ಬಡಿಸಿದ ಎಲೆಯ ಮುಂದೆ
ಕೈ ಕಟ್ಟಿಸಿ ಕೂರಿಸಿದ ಮಕ್ಕಳ ಹಾಗೆ.

ಕೆಳಗೆ ಜೆಸ್ಸಿಮಿನಾಳ ಕಿಟಕಿ ಆರಿತು.
ಮೀಟರಿನ ಕಾರ್ಡು ಮುಗಿದಿತ್ತೋ,
ಮುಗಿಯದಿರಲಿ ಎಂದೋ.

ನೀರಿನ ಯಂತ್ರಕ್ಕೆ ತಡೆ ಇರಲಿಲ್ಲ.
ಅದರ ಮಿಕ್ಕ ಕರೆಂಟು ನಮ್ಮ ಶೆಡ್ಡಿನ ಹಿಂದೆ
ಕಬ್ಬಿಣದ ಪೆಟ್ಟಿಗೆಯೊಳಗೆ ಸುರುಳಿಗಳಲ್ಲಿ ಕಾದು
ಸುಮ್ಮನೆ ಆಕಾಶಕ್ಕೆ ಹೋಗುತ್ತದೆ.
ನಿಯಮದ ಪುಸ್ತಕದಲ್ಲಿ ಅದಕ್ಕೊಂದು ಹೆಸರಿದೆ.
ನಾನು ಟಾರ್ಚು ಹಿಡಿದು ಹೋಗಿ
ಅವಳನ್ನು ಕಂಬಳಿ ಸಮೇತ ಕರೆತಂದೆ.

ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಳು, ಹೆಣಿಗೆಯ ಕಡ್ಡಿ ತೆಗೆದಳು.
ನಾಲ್ಕು ಸಾಲು ಹೆಣೆದ ಮೇಲೆ:
"ಈಗ ಬರ್ತಿರೋ ಬಿಸಿ ಹಸಿರೋ, ನೀಲಿಯೋ?"
ಪಟ್ಟಿ ನೋಡಿದೆ. ಹೊರಗೆ ಹೊಳೆಯ ಸದ್ದು
ತೆಳುವಾಗುತ್ತಾ, ತೆಳುವಾಗುತ್ತಾ, ಇಲ್ಲವಾಯಿತು.
"ಯಾವುದೂ ಅಲ್ಲ. ಈಗ ನೀರು ನಿಂತಿದೆ."
ಸುರುಳಿಗಳು ಟಿಕ್ ಟಿಕ್ ಎಂದು ಆರತೊಡಗಿದವು.
"ಹಾಗಾದರೆ," ಅಂದಳು, "ಚಹಾ ಇಡು."